ಪಿಸ್ತೂಲು ಕೆಳಗಿಟ್ಟವನ ಕಥೆ: ‘ಏಂಜಲ್ ಅಂಡ್ ದ ಬ್ಯಾಡ್‌ಮ್ಯಾನ್’ ಚಿತ್ರದಲ್ಲಿ ಪ್ರೀತಿ ಮತ್ತು ಪರಿವರ್ತನೆ

ಸಭಿಕರಿಗೆ ನಮಸ್ಕಾರ.

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ಚಿತ್ರವನ್ನು ಹಾಲಿವುಡ್ ವೆಸ್ಟರ್ನ್‌ಗಳ (ಕೌಬಾಯ್‌ಗಳ, ಬಂದೂಕುಗಾರರ ಕಥೆ ಹೇಳುವ ಚಿತ್ರಗಳ) ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೊದಲ ಸಾಲಿನಲ್ಲಿ ಕೂರಿಸುವುದಿಲ್ಲ. ಜಾನ್ ಫೋರ್ಡ್‌ನ ಚಿತ್ರಗಳಿಗೆ, ಹೋವರ್ಡ್ ಹಾಕ್ಸ್‌ನ ಚಿತ್ರಗಳಿಗೆ ಸಿಕ್ಕ ಗೌರವ ಇದಕ್ಕೆ ಸಿಕ್ಕಿಲ್ಲ. ಸಿಗಬೇಕಿತ್ತು ಎಂದು ಹಟ ಹಿಡಿಯುವವನೂ ನಾನಲ್ಲ. ಆದರೆ ಕೊಲ್ಲುವುದನ್ನೇ ಕಸುಬಾಗಿಸಿಕೊಂಡ ಮನುಷ್ಯನೊಬ್ಬ ಪ್ರೀತಿಯ ಕಾರಣದಿಂದ ಬದಲಾಗುವುದೆಂದರೆ ನಿಜಕ್ಕೂ ಏನು, ಅದಕ್ಕೆ ಯಾರು ಬೆಲೆ ತೆರುತ್ತಾರೆ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತಿಕೊಂಡ ವೆಸ್ಟರ್ನ್‌ಗಳು ಕಡಿಮೆ. ಎತ್ತಿಕೊಂಡ ಪ್ರಶ್ನೆಯಿಂದ ಕೊನೆಯ ಗಳಿಗೆಯಲ್ಲಿ ಅದು ಜಾರಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಜಾರುವಿಕೆಯೂ ಚಿತ್ರದಷ್ಟೇ ಗಮನಕ್ಕೆ ಅರ್ಹವಾದದ್ದು.

1947ರಲ್ಲಿ ಬಿಡುಗಡೆಯಾದ ‘ಏಂಜಲ್ ಅಂಡ್ ದ ಬ್ಯಾಡ್‌ಮ್ಯಾನ್’ ನಟ ಜಾನ್ ವೇಯ್ನ್ ತಾನೇ ನಿರ್ಮಾಪಕನ ಸ್ಥಾನದಲ್ಲಿ ಕೂತ ಮೊದಲ ಚಿತ್ರ. ಅಗ್ಗದ ಕೌಬಾಯ್ ಚಿತ್ರಗಳಿಗೂ ಸಾಹಸದ ಧಾರಾವಾಹಿಗಳಿಗೂ ಹೆಸರಾಗಿದ್ದ ರಿಪಬ್ಲಿಕ್ ಪಿಕ್ಚರ್ಸ್ ಅದನ್ನು ಹೊರತಂದಿತು. ಕಥೆ ಬರೆದ ಜೇಮ್ಸ್ ಎಡ್ವರ್ಡ್ ಗ್ರಾಂಟ್‌ನೇ ನಿರ್ದೇಶನವನ್ನೂ ವಹಿಸಿಕೊಂಡ. ಮುಂದೆ ‘ಹೋಂಡೊ’, ‘ದ ಅಲಾಮೊ’, ‘ಮೆಕ್ಲಿಂಟಾಕ್!’ ಮುಂತಾದ ವೇಯ್ನ್ ಚಿತ್ರಗಳಿಗೆ ಬರೆದವನೂ ಇವನೇ. ಇವುಗಳಲ್ಲಿ ಎರಡು ಶೀರ್ಷಿಕೆಗಳು ಈ ಚಿತ್ರದ ಪಾತ್ರಗಳ ಹೆಸರುಗಳೇ ಆಗಿರುವುದನ್ನು ನೋಡಿದರೆ, ಹೆಸರುಗಳನ್ನು ಹಾಳುಮಾಡದೆ ಮತ್ತೆ ಮತ್ತೆ ಬಳಸುವ ಮಿತವ್ಯಯಿ ಆತ ಎಂದು ತೋರುತ್ತದೆ. ಛಾಯಾಗ್ರಹಣ ಆರ್ಚಿ ಸ್ಟೌಟ್‌ನದು. ಕುದುರೆಗಳ ಓಟ, ಬಂಡಿಯ ಬೆನ್ನಟ್ಟುವಿಕೆ ಮೊದಲಾದ ಸಾಹಸ ದೃಶ್ಯಗಳನ್ನು ಆ ಕಾಲದ ಅತ್ಯಂತ ನುರಿತ ಸಾಹಸಿ ಯಾಕಿಮಾ ಕನುಟ್ ನೋಡಿಕೊಂಡ. ಅರಿಜೋನಾದ ಸೆಡೋನಾದ ಕೆಂಪು ಬಂಡೆಗಳ ಸೀಮೆ ಕಥೆಯ ಕಣಿವೆಯಾಯಿತು.

ಕಥೆಯನ್ನು ಪೂರ್ತಿಯಾಗಿ ಹೇಳುವ ಬದಲು, ಅದರೊಳಗೆ ಒಂದು ವಸ್ತು ಹೇಗೆ ಕೈಯಿಂದ ಕೈಗೆ ಸಾಗುತ್ತದೆ ಎಂಬುದನ್ನು ಹಿಂಬಾಲಿಸೋಣ. ಆ ವಸ್ತು ನಾಯಕನ ಪಿಸ್ತೂಲು.

ಕ್ವರ್ಟ್ ಎವಾನ್ಸ್ (ಜಾನ್ ವೇಯ್ನ್) ಎಂಬ ಹೆಸರಾಂತ ಬಂದೂಕುಗಾರ ಗಾಯಗೊಂಡು, ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಳ್ಳುತ್ತ, ಥಾಮಸ್ ವರ್ತ್ ಎಂಬ ರೈತನ ಹೊಲದ ಬಳಿ ಬಿದ್ದುಬಿಡುತ್ತಾನೆ. ಆ ಸ್ಥಿತಿಯಲ್ಲೂ ಅವನು ಕೇಳುವುದು ವೈದ್ಯನನ್ನಲ್ಲ, ಟೆಲಿಗ್ರಾಫ್ ಕಚೇರಿಯನ್ನು. ಭೂಮಿಯೊಂದರ ಹಕ್ಕನ್ನು ತನ್ನ ಹೆಸರಿಗೆ ನೋಂದಾಯಿಸುವ ತಂತಿಯನ್ನು ಕಳುಹಿಸಿ, ಬಂಡಿಯಲ್ಲಿ ತನ್ನನ್ನು ಕರೆತಂದ ರೈತನ ಮಗಳು ಪೆನೆಲೊಪಿಗೆ ಮುತ್ತಿಟ್ಟು, ಪ್ರಜ್ಞೆ ತಪ್ಪುತ್ತಾನೆ. ಇಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ ಎಂದು ವೈದ್ಯ ಮ್ಯಾಂಗ್ರಮ್ ಎಚ್ಚರಿಸುತ್ತಾನೆ. ವರ್ತ್ ಕುಟುಂಬದವರು ಅಹಿಂಸೆಯನ್ನು ಪಾಲಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಬಾಗಿಲಿಗೆ ಬಂದ ಗಾಯಾಳುವನ್ನು ಹೊರಹಾಕುವ ಯೋಚನೆಯೇ ಅವರ ತಲೆಗೆ ಹೋಗುವುದಿಲ್ಲ.

ಜ್ವರದ ಕನವರಿಕೆಯಲ್ಲಿ ಕ್ವರ್ಟ್ ಹಳೆಯ ಪ್ರೇಯಸಿಯರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಪೆನೆಲೊಪಿಗೆ ಇದು ಅಸಹ್ಯಕ್ಕಿಂತ ಕುತೂಹಲವನ್ನೇ ಹುಟ್ಟಿಸುತ್ತದೆ. ಆದರೆ ಅವನು ಮಲಗಲೊಲ್ಲ. ನಿದ್ದೆಯಲ್ಲೂ ಕೈ ಏನನ್ನೋ ತಡಕಾಡುತ್ತದೆ. ಕೊನೆಗೆ ಮನೆಯವರಿಗೆ ಸಂಗತಿ ಹೊಳೆಯುತ್ತದೆ. ಗುಂಡುಗಳನ್ನು ತೆಗೆದು, ಬರಿದಾದ ಪಿಸ್ತೂಲನ್ನು ಅವನ ಕೈಗೆ ಸಿಗುವಂತೆ ಇಟ್ಟಾಗ ಉಸಿರು ನಿಧಾನವಾಗಿ, ಅವನು ನಿದ್ರಿಸುತ್ತಾನೆ. ಇಡೀ ಚಿತ್ರದಲ್ಲಿ ಬರವಣಿಗೆಯ ದೃಷ್ಟಿಯಿಂದ ಇದಕ್ಕಿಂತ ಸೊಗಸಾದ ದೃಶ್ಯವಿಲ್ಲ ಎಂದು ನನಗೆ ಅನ್ನಿಸುತ್ತದೆ. ಇವನು ಕ್ರೂರಿ, ಇವನು ಭಯಂಕರ ಎಂದು ಯಾವ ಪಾತ್ರದ ಬಾಯಲ್ಲೂ ಹೇಳಿಸದೆ, ಇವನು ಭಯಗ್ರಸ್ತ ಎಂಬುದನ್ನು ತೋರಿಸಿಬಿಡುತ್ತದೆ. ಜನ ಯಾರಿಗೆ ಹೆದರಿ ದಾರಿ ಬಿಡುತ್ತಾರೋ ಅವನಿಗೆ ಕಣ್ಣು ಮುಚ್ಚಲೂ ಧೈರ್ಯವಿಲ್ಲ.

ಬರಿದಾದ ಪಿಸ್ತೂಲಿನ ಎರಡನೆಯ ಪ್ರವೇಶ ಇನ್ನೂ ಸ್ವಾರಸ್ಯಕರ. ಮೂರು ವಾರಗಳ ನಂತರ ವೈರಿ ಲರೇಡೊ ಸ್ಟೀವನ್ಸ್ ಮತ್ತು ಅವನ ಜೊತೆಗಾರ ಹೋಂಡೊ ಜೆಫ್ರೀಸ್ ಕ್ವರ್ಟ್‌ನನ್ನು ಹುಡುಕಿಕೊಂಡು ಮನೆಗೇ ಬರುತ್ತಾರೆ. ಕುದುರೆಗಳ ಸದ್ದು ಹತ್ತಿರವಾದಾಗ ಪಿಸ್ತೂಲನ್ನು ಎತ್ತಿಕೊಂಡ ಕ್ವರ್ಟ್‌ಗೆ ಅದರಲ್ಲಿ ಗುಂಡಿಲ್ಲವೆಂದು ಗೊತ್ತಾಗುತ್ತದೆ. ತುಂಬಲು ಸಮಯವಿಲ್ಲ. ಅವನು ಕುರ್ಚಿಯಲ್ಲಿ ಕೂತು, ಬಾಗಿಲಿಗೆ ಗುರಿಯಿಟ್ಟು, ಬಂದವರನ್ನು ಶಾಂತವಾಗಿಯೇ ಮಾತನಾಡಿಸುತ್ತಾನೆ. ಲರೇಡೊ ನಂಬುತ್ತಾನೆ. ಭೂಮಿಯ ಹಕ್ಕಿಗೆ 20,000 ಡಾಲರ್ ಬೆಲೆ ನಿಗದಿಯಾಗುತ್ತದೆ. 5,000 ಡಾಲರ್‌ನಷ್ಟು ಚಿನ್ನವನ್ನು ಅಲ್ಲೇ ಕೊಟ್ಟು, ಧೈರ್ಯವಿದ್ದರೆ ಉಳಿದದ್ದಕ್ಕೆ ಬಾ ಎಂದು ಸವಾಲು ಹಾಕಿ ಅವನು ಹೊರಡುತ್ತಾನೆ. ರಕ್ತಪಾತ ತಪ್ಪಿದ್ದು ಕ್ವೇಕರರ ಅಹಿಂಸೆಯಿಂದಲೇ ಎಂದು ಮೇಲ್ನೋಟಕ್ಕೆ ಹೇಳಬಹುದು, ಏಕೆಂದರೆ ಗುಂಡು ತೆಗೆದಿಟ್ಟವರು ಅವರೇ. ಆದರೆ ಆ ಬರಿಯ ಕಬ್ಬಿಣದ ತುಂಡಿಗೆ ಬೆದರಿಸುವ ಶಕ್ತಿ ಬಂದದ್ದು ಎಲ್ಲಿಂದ? ಹಿಂದೆ ಅದರಲ್ಲಿ ಗುಂಡು ಇದ್ದುದರಿಂದ, ಅದನ್ನು ಹಿಡಿದವನು ಹಾರಿಸುತ್ತಿದ್ದನೆಂಬ ಖ್ಯಾತಿಯಿಂದ.

ಮೂರನೆಯ ಪ್ರಸಂಗ ನೀರಿನದು. ಮೇಲಿನ ಹೊಲದ ಮುಂಗೋಪಿ ಫ್ರೆಡರಿಕ್ ಕಾರ್ಸನ್ ಹೊಳೆಗೆ ಅಡ್ಡಕಟ್ಟೆ ಹಾಕಿಕೊಂಡಿದ್ದಾನೆ. ಕೆಳಗಿನ ವರ್ತ್ ಕುಟುಂಬದ ಕಾಲುವೆಗಳು ಒಣಗಿವೆ. ಈ ಜನ ಅದನ್ನು ಸಹಿಸಿಕೊಂಡಿದ್ದಾರೆ, ಮನುಷ್ಯ ಮೂಲತಃ ಕೆಟ್ಟವನಲ್ಲ, ಒಂದು ದಿನ ಮನಸ್ಸು ಬದಲಾದೀತು ಎಂದು ಕಾದಿದ್ದಾರೆ. ಕ್ವರ್ಟ್‌ಗೆ ಈ ತರ್ಕ ಅರ್ಥವಾಗುವುದಿಲ್ಲ. ಅವನು ಕುದುರೆ ಹತ್ತಿ ಕಾರ್ಸನ್‌ನ ಮನೆಗೆ ಹೋಗುತ್ತಾನೆ, ತನ್ನ ಹೆಸರನ್ನು ತಿಳಿಸುತ್ತಾನೆ, ಅಷ್ಟೇ. ಕಟ್ಟೆ ತೆರೆಯುತ್ತದೆ, ನೀರು ಬರುತ್ತದೆ. ಇಲ್ಲಿಗೆ ನಿಂತಿದ್ದರೆ ಇದು ಸಾಧಾರಣ ಪುಂಡಾಟದ ದೃಶ್ಯವಾಗುತ್ತಿತ್ತು. ಆದರೆ ಹೆದರಿ ನೀರು ಬಿಟ್ಟ ಅದೇ ಕಾರ್ಸನ್ ವರ್ತ್ ಮನೆಯವರ ಎದುರು ಬಂದಾಗ, ಅವರು ಗೆದ್ದವರಂತೆ ನಡೆದುಕೊಳ್ಳುವುದೇ ಇಲ್ಲ. ಮನೆಯೊಡತಿ ಅವನನ್ನು ಉಪಚರಿಸುತ್ತಾಳೆ, ಅವನ ಮೈಯ ಬಾಧೆಗೆ ಮದ್ದಿನ ಮಾತಾಡುತ್ತಾಳೆ. ಒಂಟಿತನದಿಂದ ಕಹಿಯಾಗಿದ್ದ ಮನುಷ್ಯ ನೋಡನೋಡುತ್ತ ನೆರೆಯವನಾಗಿ ಮಾರ್ಪಡುತ್ತಾನೆ. ಇದಕ್ಕಾಗಿ ಕ್ವೇಕರರು ಕ್ವರ್ಟ್‌ಗೆ ಬೈಬಲ್ ಒಂದನ್ನು ಕಾಣಿಕೆಯಾಗಿ ಕೊಡುತ್ತಾರೆ. ತನ್ನ ಕೆಟ್ಟ ಹೆಸರಿನ ಬಲದಿಂದ ಮಾಡಿದ ಕೆಲಸಕ್ಕೆ ಧರ್ಮಗ್ರಂಥದ ಬಹುಮಾನ ಸಿಕ್ಕಾಗ ವೇಯ್ನ್‌ನ ಮುಖದಲ್ಲಿ ಮೂಡುವ ಮುಜುಗರವನ್ನು ನೋಡಬೇಕು. ಆತ ನಟನೇ ಅಲ್ಲ ಎನ್ನುವವರಿಗೆ ನಾನು ತೋರಿಸಬಯಸುವ ತುಣುಕು ಇದು.

ಭಯದಿಂದ ನೀರು ಬಂತು, ದಯೆಯಿಂದ ಮನುಷ್ಯ ಬಂದ. ಎರಡೂ ಕೆಲಸ ಮಾಡಿದವು. ಎರಡರಲ್ಲಿ ಒಂದನ್ನು ತೆಗೆದರೆ ಇನ್ನೊಂದು ನಡೆಯುತ್ತಿತ್ತೇ ಎಂಬುದನ್ನು ಚಿತ್ರ ಹೇಳುವುದಿಲ್ಲ, ಹೇಳಲು ಅದಕ್ಕೆ ಇಷ್ಟವೂ ಇದ್ದಂತಿಲ್ಲ.

ಇಲ್ಲಿ ಕ್ವೇಕರರ ಬಗ್ಗೆ ನಾಲ್ಕು ಮಾತು ಹೇಳುವುದು ಅಗತ್ಯ. 17ನೇ ಶತಮಾನದ ನಡುವೆ, ಇಂಗ್ಲೆಂಡಿನ ಅಂತರ್ಯುದ್ಧದ ಬಿಸಿ ಆರುವ ಮೊದಲೇ, ಜಾರ್ಜ್ ಫಾಕ್ಸ್‌ನ ಬೋಧನೆಯಿಂದ ಹುಟ್ಟಿದ ಪಂಥ ಇದು. ಪ್ರತಿಯೊಬ್ಬರೊಳಗೂ ದೈವದ ಬೆಳಕಿದೆ ಎಂಬುದು ಅವರ ನಂಬಿಕೆ. ಆದ್ದರಿಂದಲೇ ಸಾಂಪ್ರದಾಯಿಕ ಸಭೆಗಳಲ್ಲಿ ಪಾದ್ರಿಯಿಲ್ಲ, ಪ್ರವಚನವಿಲ್ಲ, ಮಾತು ಬಂದವರು ಎದ್ದು ಮಾತಾಡುವವರೆಗೆ ಎಲ್ಲರೂ ಮೌನವಾಗಿ ಕೂರುತ್ತಾರೆ. ಯಾವ ಉದ್ದೇಶಕ್ಕೂ ಆಯುಧ ಹಿಡಿದು ಹೋರಾಡುವುದಿಲ್ಲ ಎಂದು ಅವರು 1661ರ ಆರಂಭದಲ್ಲಿ ದೊರೆ ಎರಡನೆಯ ಚಾರ್ಲ್ಸ್‌ಗೆ ಲಿಖಿತವಾಗಿ ತಿಳಿಸಿದರು. ಅವರಲ್ಲೇ ಒಬ್ಬನಾದ ವಿಲಿಯಂ ಪೆನ್ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ವಸಾಹತನ್ನು ಸ್ಥಾಪಿಸಿದ. ಹೀಗೆ ಗಟ್ಟಿಯಾದ ಇತಿಹಾಸವುಳ್ಳ ಜನರನ್ನು ಹಾಲಿವುಡ್ ಅನೇಕ ಬಾರಿ ಮುಗ್ಧರಂತೆ, ಲೋಕವ್ಯವಹಾರ ತಿಳಿಯದವರಂತೆ ತೋರಿಸಿದೆ. ಈ ಚಿತ್ರದಲ್ಲೂ ಆ ದೋಷ ಅಲ್ಲಲ್ಲಿ ಇದೆ. ಆದರೂ ಥಾಮಸ್ ವರ್ತ್ ಮತ್ತು ನಾಸ್ತಿಕ ಮನೋಭಾವದ ವೈದ್ಯ ಮ್ಯಾಂಗ್ರಮ್ ನಡುವಿನ ವಾದಗಳಲ್ಲಿ ಇಬ್ಬರಿಗೂ ಸಮಾನ ಗೌರವ ಸಿಗುತ್ತದೆ. ನಂಬುವವನನ್ನು ಸಂತನನ್ನಾಗಿಸಿ ಸಂದೇಹಿಯನ್ನು ನಗೆಪಾಟಲು ಮಾಡುವ ಸುಲಭ ದಾರಿಯನ್ನು ಗ್ರಾಂಟ್ ಹಿಡಿದಿಲ್ಲ.

ವರ್ತ್ ಮನೆಯ ಗೋಡೆಯ ಮೇಲೆ ಒಂದು ಬರಹವಿದೆ. ಅದರ ಸಾರಾಂಶ ಇಷ್ಟು: ಮನುಷ್ಯನ ಅಂತಸ್ಸತ್ವಕ್ಕೆ ಕೇಡಾಗುವುದು ಅವನದೇ ಕೃತ್ಯದಿಂದ ಮಾತ್ರ, ಬೇರೊಬ್ಬರ ಕೃತ್ಯದಿಂದಲ್ಲ. ಇದನ್ನು ಓದಿದ ಕ್ವರ್ಟ್, ಯಾರಾದರೂ ನಿನ್ನ ತಲೆಗೆ ಬಾರಿಸಿದರೆ ನೋವಾಗುವುದು ನಿನಗಲ್ಲವೇ ಎಂದು ಕೇಳುತ್ತಾನೆ. ಮೈಗೆ ನೋವಾಗುತ್ತದೆ, ಆದರೆ ನಿಜವಾದ ಹಾನಿ ಹೊಡೆದವನಿಗೆ ಎಂದು ಪೆನೆಲೊಪಿ ವಿವರಿಸುತ್ತಾಳೆ. ನಿಮ್ಮ ಪಂಥದಲ್ಲಿ ಬಹಳ ಜನರಿದ್ದಾರೆಯೇ ಎಂಬುದು ಅವನ ಮುಂದಿನ ಪ್ರಶ್ನೆ. ತುಂಬಾ ಕಡಿಮೆ ಎಂದು ಉತ್ತರ ಬಂದಾಗ, ಹಾಗೇ ಅಂದುಕೊಂಡೆ ಎನ್ನುತ್ತಾನೆ. ನಗು ಬರುವ ಮಾತು. ಆದರೆ ಗೋಡೆಯ ಮೇಲಿನ ಆ ವಾಕ್ಯ ಕ್ವರ್ಟ್‌ನ ಇಡೀ ಬದುಕಿನ ಮೇಲೆ ಬರೆದ ತೀರ್ಪಿನಂತಿದೆ ಎಂಬುದು ನಮಗೆ ತಡವಾಗಿ ತಿಳಿಯುತ್ತದೆ. ಚಿಕ್ಕವನಿದ್ದಾಗಲೇ ಹೆತ್ತವರನ್ನು ಕಳೆದುಕೊಂಡ ಅವನನ್ನು ಸಾಕಿ ಬೆಳೆಸಿದವನು ವಾಲ್ಟ್ ಎನಿಸ್ ಎಂಬ ದನಗಾಹಿ. ಎನಿಸ್ ಕೊಲೆಯಾದ ಮೇಲೆ ಕ್ವರ್ಟ್, ಹೆಸರಾಂತ ಕಾನೂನು ಅಧಿಕಾರಿ ವ್ಯಾಟ್ ಅರ್ಪ್‌ನ ಕೈಕೆಳಗಿನ ಕಾನೂನಿನ ಕೆಲಸವನ್ನು ಬಿಟ್ಟು, ದನದ ಮಂದೆಯನ್ನು ಮಾರಿ, ಅಡ್ಡದಾರಿ ಹಿಡಿದ. ಅವನನ್ನು ಕೆಡಿಸಿದ್ದು ಎನಿಸ್‌ನ ಕೊಲೆಯೇ, ಅದಕ್ಕೆ ಪ್ರತಿಯಾಗಿ ಅವನು ಆರಿಸಿಕೊಂಡ ದಾರಿಯೇ? ಗೋಡೆಯ ಬರಹಕ್ಕೆ ಈ ವಿಷಯದಲ್ಲಿ ಸಂಶಯವಿಲ್ಲ.

ಪರಿವರ್ತನೆ ಒಂದೇ ಏಟಿಗೆ ಆಗುವುದಿಲ್ಲ ಎಂಬುದು ಈ ಚಿತ್ರದ ಪ್ರಾಮಾಣಿಕತೆ. ಪ್ರೀತಿಸಿ, ಉಳಿಯುತ್ತೇನೆಂದು ಒಪ್ಪಿ, ಹೊಲದ ಕೆಲಸಕ್ಕೂ ಇಳಿದ ಮೇಲೆ ಹಳೆಯ ಗೆಳೆಯ ರ‍್ಯಾಂಡಿ ಮೆಕಾಲ್ ಬಂದು ಕರೆದೊಡನೆ ಕ್ವರ್ಟ್ ಹೊರಟೇಬಿಡುತ್ತಾನೆ. ಲರೇಡೊ ಕದ್ದ ದನಗಳನ್ನು ಇವರಿಬ್ಬರೂ ಮತ್ತೆ ಕದಿಯುತ್ತಾರೆ, ಕುಡಿದು ಗದ್ದಲವೆಬ್ಬಿಸುತ್ತಾರೆ, ಹಳೆಯ ಗೆಳತಿ ಲೈಲಾಳ ಬಳಿ ಹೋಗುತ್ತಾರೆ. ಅವನ ಸಾಮಾನಿನಲ್ಲಿದ್ದ ಬೈಬಲನ್ನು ನೋಡಿ ಆಕೆ ಚೇಷ್ಟೆ ಮಾಡಿದಾಗ ಕ್ವರ್ಟ್ ಸಿಡುಕುತ್ತಾನೆ. ಆ ಸಿಟ್ಟಿನಿಂದಲೇ ಆಕೆಗೆ, ನಮಗೆ, ಬಹುಶಃ ಅವನಿಗೂ, ಮನಸ್ಸು ಎಲ್ಲಿದೆ ಎಂಬುದು ಗೊತ್ತಾಗುತ್ತದೆ. ಅವನು ಮರಳುತ್ತಾನೆ. ಪಶ್ಚಾತ್ತಾಪದ ಭಾಷಣವಿಲ್ಲ, ಕಣ್ಣೀರಿಲ್ಲ. ಹಳೆಯ ಸುಖ ರುಚಿಗೆಟ್ಟಿದೆ, ಅಷ್ಟೇ.

ಈ ಮರಳುವಿಕೆಯನ್ನು ನಂಬುವಂತೆ ಮಾಡಿದವಳು ಗೇಲ್ ರಸೆಲ್. 1924ರಲ್ಲಿ ಹುಟ್ಟಿದ ಈಕೆ ಪ್ಯಾರಾಮೌಂಟ್ ಸಂಸ್ಥೆಯ ನಟಿ. 1944ರ ‘ದ ಅನ್‌ಇನ್‌ವೈಟೆಡ್’ ಚಿತ್ರದಿಂದ ಹೆಸರು ಬಂದಿತ್ತು. ಪೆನೆಲೊಪಿಯ ಪಾತ್ರ ಕಾಗದದ ಮೇಲೆ ತೀರಾ ಅಪಾಯಕಾರಿ. ಸ್ವಲ್ಪ ತಪ್ಪಿದರೂ ಅದು ಉಪದೇಶದ ಗೊಂಬೆಯಾಗುತ್ತದೆ. ರಸೆಲ್ ಅದನ್ನು ಉಳಿಸಿದ್ದು ಆಸೆಯನ್ನು ಬಚ್ಚಿಡದೆ. ಈ ಹುಡುಗಿ ಕ್ವರ್ಟ್‌ನನ್ನು ಉದ್ಧರಿಸಬೇಕೆಂದು ಹೊರಟವಳಲ್ಲ, ಅವನನ್ನು ಬಯಸಿದವಳು. ವೈರಿಗಳು ಬರುತ್ತಿದ್ದಾರೆಂದು ತಿಳಿದಾಗ ನಿನ್ನೊಡನೆ ಓಡಿಬರುತ್ತೇನೆ ಎಂದು ತಾನಾಗಿ ಹೇಳುವವಳು. ನಂಬಿಕೆಯನ್ನೂ ಬಯಕೆಯನ್ನೂ ಒಂದೇ ಮೈಯಲ್ಲಿ ಇಟ್ಟುಕೊಂಡು, ಎರಡಕ್ಕೂ ನಾಚದ ಹೆಣ್ಣು ಆ ಕಾಲದ ವೆಸ್ಟರ್ನ್‌ಗಳಲ್ಲಿ ಅಪರೂಪ. ಕ್ಯಾಮೆರಾದ ಎದುರು ನಿಲ್ಲುವ ಭಯ ರಸೆಲ್‌ಳನ್ನು ಕೊನೆಯವರೆಗೂ ಕಾಡಿತು, ಮದ್ಯ ಅದಕ್ಕೆ ಮದ್ದಾಗದೆ ಅವಳನ್ನೇ ನುಂಗಿತು. 1961ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡಳು. ಪೆನೆಲೊಪಿಯ ಕಣ್ಣುಗಳಲ್ಲಿ ಕಾಣುವ ಅಳುಕು ಪಾತ್ರದ್ದೆಷ್ಟು, ನಟಿಯದೆಷ್ಟು ಎಂದು ಬೇರ್ಪಡಿಸುವುದು ನನಗೆ ಸಾಧ್ಯವಾಗಿಲ್ಲ.

ಇನ್ನೊಬ್ಬ ನಟನ ಬಗ್ಗೆಯೂ ಹೇಳಬೇಕು. ಕಾನೂನಿನ ಅಧಿಕಾರಿ ಮಾರ್ಷಲ್ ವಿಸ್ಟ್‌ಫುಲ್ ಮೆಕ್ಲಿಂಟಾಕ್ ಆಗಿ ಬರುವ ಹ್ಯಾರಿ ಕ್ಯಾರಿ ಮೂಕಿ ಚಿತ್ರಗಳ ಕಾಲದ ದೊಡ್ಡ ಕೌಬಾಯ್ ತಾರೆ. ಜಾನ್ ಫೋರ್ಡ್ 1917ರಲ್ಲಿ ಮಾಡಿದ ಮೊದಲ ಪೂರ್ಣಾವಧಿ ಚಿತ್ರದ ನಾಯಕ. ಒಳ್ಳೆಯ ಹೆಣ್ಣಿನ ಪ್ರೀತಿಯಿಂದ ಕೆಟ್ಟವನು ತಿದ್ದಿಕೊಳ್ಳುವ ಕಥೆಗಳು ಆ ಮೂಕಿ ಯುಗದಲ್ಲೇ ಬೇರೂರಿದ್ದವು, ವಿಲಿಯಂ ಎಸ್. ಹಾರ್ಟ್‌ನಂಥ ನಟರು ಅದನ್ನೇ ನೆಚ್ಚಿಕೊಂಡಿದ್ದರು. ಆ ಪರಂಪರೆಯಿಂದ ಬಂದ ಹಿರಿಯ ಈಗ ಕುದುರೆಯ ಮೇಲೆ ಆಗಾಗ ಬಂದು, ಕ್ವರ್ಟ್ ಮತ್ತು ಲರೇಡೊ ಇಬ್ಬರಲ್ಲಿ ಯಾರನ್ನು ಮೊದಲು ನೇಣಿಗೇರಿಸಬೇಕಾದೀತು ಎಂದು ಲೆಕ್ಕ ಹಾಕುತ್ತಾ, ತಾಳ್ಮೆಯಿಂದ ಕಾಯುತ್ತಾನೆ. ಅವನ ದನಿಯಲ್ಲಿ ಹಗೆಯಿಲ್ಲ, ಅವಸರವಿಲ್ಲ. ವೇಯ್ನ್‌ಗೆ ಈತ ಗುರುಸಮಾನ. ಒಂಬತ್ತು ವರ್ಷಗಳ ನಂತರ ‘ದ ಸರ್ಚರ್ಸ್’ ಚಿತ್ರದ ಕೊನೆಯಲ್ಲಿ ವೇಯ್ನ್ ಎಡಗೈಯಿಂದ ಬಲಮೊಣಕೈಯ ಬಳಿ ಹಿಡಿದುಕೊಂಡು ನಿಂತದ್ದು ಕ್ಯಾರಿಯ ಪ್ರಸಿದ್ಧ ಭಂಗಿಗೆ ಸಲ್ಲಿಸಿದ ನಮನ.

ಈಗ ಚಿತ್ರದ ಅಂತ್ಯಕ್ಕೆ ಬರೋಣ. ಕಾಡುಹಣ್ಣು ಬಿಡಿಸಿಕೊಂಡು ಮರಳುತ್ತಿದ್ದ ಪ್ರೇಮಿಗಳ ಬಂಡಿಯನ್ನು ಲರೇಡೊನ ಕಡೆಯವರು ಬೆನ್ನಟ್ಟುತ್ತಾರೆ. ಬಂಡಿ ಕಡಿದಾದ ದಂಡೆಯಿಂದ ಹೊಳೆಗೆ ಬೀಳುತ್ತದೆ. ಪೆನೆಲೊಪಿಗೆ ವಿಪರೀತ ಜ್ವರ. ಆಸೆಯಿಲ್ಲ ಎಂದು ವೈದ್ಯ ಹೇಳಿದಾಗ ಕ್ವರ್ಟ್ ಮೂಲೆಯಲ್ಲಿದ್ದ ಪಿಸ್ತೂಲನ್ನು ಸೊಂಟಕ್ಕೆ ಬಿಗಿದು ಪಟ್ಟಣಕ್ಕೆ ಹೊರಡುತ್ತಾನೆ. ಅತ್ತ ಜ್ವರ ಇಳಿಯುತ್ತದೆ, ಮನೆಯವರು ಅವಳನ್ನು ಬಂಡಿಯಲ್ಲಿ ಮಲಗಿಸಿಕೊಂಡು ಬೆನ್ನಿಗೇ ಬರುತ್ತಾರೆ. ಬೀದಿಯ ನಡುವೆ, ವೈರಿಗಳು ಹೊರಬರುವ ಮುನ್ನ, ಕ್ವರ್ಟ್ ಪಿಸ್ತೂಲನ್ನು ಅವಳ ಕೈಗೆ ಕೊಡುತ್ತಾನೆ. ಲರೇಡೊ ಮತ್ತು ಹೋಂಡೊ ಅವನ ಮೇಲೆ ಆಯುಧ ಎತ್ತುತ್ತಾರೆ. ಆ ಕ್ಷಣದಲ್ಲಿ ಮಾರ್ಷಲ್ ಗುಂಡು ಹಾರಿಸಿ ಇಬ್ಬರನ್ನೂ ಕೊಲ್ಲುತ್ತಾನೆ.

ಎರಡು ಪಿಸ್ತೂಲುಗಳ ಎದುರು ಬರಿಗೈಯಲ್ಲಿ ನಿಂತ ಮನುಷ್ಯನ ಪಾಡೇನು ಎಂಬ ಪ್ರಶ್ನೆಯತ್ತಲೇ ಇಡೀ ಚಿತ್ರ ನಡೆದುಬಂದಿದೆ. ಉತ್ತರ ಕೊಡಬೇಕಾದ ಗಳಿಗೆಯಲ್ಲಿ ಬೇರೊಬ್ಬನ ಕೈಯಿಂದ ಗುಂಡು ಹಾರುತ್ತದೆ. ನಾಯಕನ ಕೈ ಶುದ್ಧವಾಗಿ ಉಳಿಯಿತು, ವೈರಿಗಳೂ ಸತ್ತರು, ಪ್ರೇಕ್ಷಕನಿಗೆ ಎರಡೂ ದಕ್ಕಿದವು. ಇದಕ್ಕೆ ಹೊರಗಿನ ಕಾರಣವೂ ಇತ್ತು. 1934ರಿಂದ ಬಿಗಿಯಾಗಿ ಜಾರಿಯಲ್ಲಿದ್ದ ಹಾಲಿವುಡ್‌ನ ನೀತಿ ಸಂಹಿತೆ ಸೇಡನ್ನು ನ್ಯಾಯವೆಂದು ಬಿಂಬಿಸುವುದಕ್ಕೆ ಅಡ್ಡಿಯಾಗಿತ್ತು, ಅಪರಾಧಿಗಳಿಗೆ ಶಿಕ್ಷೆಯಾಗಲೇಬೇಕೆಂದು ಬಯಸುತ್ತಿತ್ತು. ಕಾನೂನಿನ ಅಧಿಕಾರಿಯೇ ಕೊಂದರೆ ಎಲ್ಲ ಷರತ್ತುಗಳೂ ಪೂರೈಸಿದಂತೆ. ಆದರೆ ಸಂಹಿತೆಯನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಕಥೆಗೇ ಧೈರ್ಯ ಸಾಲಲಿಲ್ಲ.

ಐದು ವರ್ಷಗಳ ನಂತರ, 1952ರಲ್ಲಿ, ‘ಹೈ ನೂನ್’ ಇದೇ ಕಟ್ಟನ್ನು ಇನ್ನೊಂದು ತುದಿಯಿಂದ ಬಿಚ್ಚಿತು. ಅಲ್ಲೂ ನಾಯಕಿ ಕ್ವೇಕರ್; ತಂದೆಯನ್ನೂ ಸಹೋದರನನ್ನೂ ಗುಂಡಿಗೆ ಕಳೆದುಕೊಂಡ ಮೇಲೆ ಆ ಪಂಥಕ್ಕೆ ಸೇರಿದವಳು. ಗಂಡನನ್ನು ಉಳಿಸಲು ಕೊನೆಗೆ ಆಕೆಯೇ ಪಿಸ್ತೂಲೆತ್ತಿ ಒಬ್ಬನನ್ನು ಬೆನ್ನಿಗೆ ಹೊಡೆಯುತ್ತಾಳೆ. ಅಲ್ಲಿ ಕೈ ಕೊಳೆಯಾಗುವುದು ನಂಬಿಕೆಯುಳ್ಳವಳದೇ. ನಂಬಿಕೆ ಸೋಲುತ್ತದೆ, ಆದರೆ ಸೋತದ್ದನ್ನು ಚಿತ್ರ ಮರೆಮಾಚುವುದಿಲ್ಲ.

ನಮ್ಮಲ್ಲಿ ಎಲ್ಲರಿಗೂ ತಿಳಿದಿರುವ ಅಂಗುಲಿಮಾಲನ ಕಥೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಕೊರತೆ ಎಲ್ಲಿದೆ ಎಂಬುದು ಇನ್ನೂ ಸ್ಪಷ್ಟವಾಗುತ್ತದೆ. ಬುದ್ಧನ ಎದುರು ಕತ್ತಿ ಕೆಳಗಿಟ್ಟಲ್ಲಿಗೆ ಆ ಕಥೆಯನ್ನು ಮುಗಿಸುವುದು ನಮ್ಮ ರೂಢಿ. ಪಾಳಿ ಭಾಷೆಯ ಸುತ್ತದಲ್ಲಿ, ಅಂದರೆ ಬೌದ್ಧ ಉಪದೇಶಗ್ರಂಥದಲ್ಲಿ, ಅದು ಅಲ್ಲಿಗೆ ನಿಲ್ಲುವುದಿಲ್ಲ. ಭಿಕ್ಷುವಾದ ಅಂಗುಲಿಮಾಲ ಭಿಕ್ಷೆಗೆ ಹೋದಾಗ ಅವನ ಮೇಲೆ ಹೆಂಟೆ, ಕೋಲು, ಕಲ್ಲುಗಳು ಬೀಳುತ್ತವೆ; ತಲೆ ಒಡೆದು, ಪಾತ್ರೆ ಮುರಿದು, ಚೀವರ ಹರಿದು ಬಂದವನಿಗೆ ಬುದ್ಧ ಹೇಳುವುದು, ಸಹಿಸಿಕೋ ಎಂದು. ಹಿಂದೆ ಮಾಡಿದ್ದರ ಫಲ ಬಂದೇ ಬರುತ್ತದೆ, ಬದಲಾದ ಮನುಷ್ಯ ಅದನ್ನು ತಿರುಗಿ ಹೊಡೆಯದೆ ಹೊರುತ್ತಾನೆ ಎಂಬುದು ಅಲ್ಲಿನ ನಿಲುವು. ಕ್ವರ್ಟ್‌ನ ಮೇಲೆ ಒಂದು ಹೆಂಟೆಯೂ ಬೀಳುವುದಿಲ್ಲ. ಅವನು ಕದ್ದ ದನಗಳ ಒಡೆಯರು, ಅವನು ಕೊಂದವರ ಮನೆಯವರು ಚೌಕಟ್ಟಿನೊಳಗೆ ಬರುವುದೇ ಇಲ್ಲ.

ಇಷ್ಟಾದರೂ ಮುಕ್ತಾಯದ ಸಂಭಾಷಣೆಯಲ್ಲಿ ಗ್ರಾಂಟ್‌ಗೆ ಈ ಸಮಸ್ಯೆಯ ಅರಿವಿತ್ತೆಂಬ ಸುಳಿವಿದೆ. ಕ್ವರ್ಟ್ ಬಂಡಿ ಹತ್ತಿ ರೈತನಾಗಲು ಹೊರಟ ಮೇಲೆ ಧೂಳಿನಲ್ಲಿ ಬಿದ್ದ ಪಿಸ್ತೂಲನ್ನು ಮಾರ್ಷಲ್ ಎತ್ತಿಕೊಳ್ಳುತ್ತಾನೆ. ಮುಂದೆ ಅವನಿಗೆ ಅದು ಬೇಕಾಗಬಹುದು ಎನ್ನುತ್ತಾನೆ ವೈದ್ಯ. ಬಂದೂಕು ಬೇಕಾಗುವುದು ಬಂದೂಕು ಹೊತ್ತವನಿಗೆ ಮಾತ್ರ ಎಂಬ ಅರ್ಥದ ಉತ್ತರ ಮಾರ್ಷಲ್‌ನದು. ಈ ಚಿತ್ರವನ್ನು ಮೆಚ್ಚುವವರು ಈ ಮಾತನ್ನು ಅದರ ಸಂದೇಶವೆಂದು ಉದ್ಧರಿಸುತ್ತಾರೆ. ಹಾಗೆ ಒಪ್ಪಿಕೊಳ್ಳುವುದು ನನಗೆ ಕಷ್ಟ. ಹೇಳುತ್ತಿರುವವನು ಕ್ಷಣದ ಹಿಂದೆ ಇಬ್ಬರನ್ನು ಕೊಂದಿದ್ದಾನೆ. ಅವನು ಕೊಲ್ಲದಿದ್ದರೆ, ಬಂದೂಕು ಹೊರದ ಕ್ವರ್ಟ್‌ನ ಹೆಣ ಅಲ್ಲಿ ಬಿದ್ದಿರುತ್ತಿತ್ತು. ಮಾತು ಒಂದು ಹೇಳುತ್ತದೆ, ಬೀದಿ ಇನ್ನೊಂದನ್ನು ತೋರಿಸುತ್ತದೆ. ಈ ಮಾತನ್ನು ಹ್ಯಾರಿ ಕ್ಯಾರಿ ಗೆದ್ದವನ ಗತ್ತಿನಲ್ಲಿ ಹೇಳುವುದಿಲ್ಲ, ದಣಿದವನ ದನಿಯಲ್ಲಿ ಹೇಳುತ್ತಾನೆ. ಹಾಗಾಗಿ ಅದು ಕ್ವರ್ಟ್‌ಗಿಂತ ಹೆಚ್ಚಾಗಿ ತನ್ನ ಬಗ್ಗೆಯೇ ಆಡಿಕೊಂಡ ಮಾತಿನಂತೆ ನನಗೆ ಕೇಳುತ್ತದೆ: ಆಯುಧವನ್ನು ಕೆಳಗಿಡಲಾಗದವನು ತಾನು, ಇನ್ನು ಮುಂದೆಯೂ ಅದು ತನಗೆ ಬೇಕಾಗುತ್ತಲೇ ಇರುತ್ತದೆ ಎಂದು. ಈ ಚಿತ್ರ ಬಿಡುಗಡೆಯಾದ ವರ್ಷವೇ ಕ್ಯಾರಿ ತೀರಿಕೊಂಡ.

ಕೊನೆಯದಾಗಿ ಒಂದು ಉಪಯುಕ್ತ ಸಂಗತಿ. ಆಗಿನ ಅಮೆರಿಕದ ಕಾನೂನಿನಂತೆ 28 ವರ್ಷಗಳಿಗೆ ನವೀಕರಿಸಬೇಕಿದ್ದ ಹಕ್ಕುಸ್ವಾಮ್ಯವನ್ನು ಈ ಚಿತ್ರಕ್ಕೆ ಯಾರೂ ನವೀಕರಿಸಲಿಲ್ಲ. ಹೀಗಾಗಿ 1970ರ ದಶಕದಿಂದ ಇದು ಅಲ್ಲಿ ಸಾರ್ವಜನಿಕ ಸ್ವತ್ತಾಗಿದೆ. ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವುದು ಆ ಕಾರಣಕ್ಕೇ, ಸಿಗುವ ಪ್ರತಿಗಳಲ್ಲಿ ಹಲವು ಮಸುಕಾಗಿರುವುದೂ ಆ ಕಾರಣಕ್ಕೇ. ನೋಡುವವರು ಸ್ವಲ್ಪ ಹುಡುಕಿ ಸ್ವಚ್ಛವಾದ ಪ್ರತಿಯನ್ನು ಆರಿಸಿಕೊಳ್ಳಿ. ಆರ್ಚಿ ಸ್ಟೌಟ್ ಗೇಲ್ ರಸೆಲ್‌ಳ ಮುಖಕ್ಕೆ ಹಾಕಿದ ಬೆಳಕು ಕಳಪೆ ಪ್ರತಿಗಳಲ್ಲಿ ಪೂರ್ತಿ ಕಳೆದುಹೋಗಿದೆ.